ಗಂಜಾಂನ ದೊಡ್ಡಸ್ವಾಮಿಯವರು

ಮಕ್ಕಳೇ, ನಿಮ್ಮ ಮನೆಯ ಅಜ್ಜ ಅಜ್ಜಿಯ ತೋಳನ್ನೊಮ್ಮೆ ನೋಡಿ. ನಾಲ್ಕಾಣೆಯಷ್ಟು ಅಗಲದ ಕಲೆ ಕಾಣಬಹುದು. ಅದು ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕಿಸಿಕೊಂಡ ಗುರುತು. ನಿಮ್ಮ ತೋಳಿನ ಚಿಕ್ಕ ಗುರುತು ಕ್ಷಯದ ಲಸಿಕೆಯದು. ಸಿಡುಬಿನ ದಾಕು ನಿಮಗೆ ಬೇಕಾಗಲಿಲ್ಲ. ಆ ರೋಗವೇ ಈಗಿಲ್ಲ.

ನಾನು ಬ್ಯಾಂಕ್ ಗುಮಾಸ್ತನಾಗಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳನ್ನು ಸುತ್ತಿದವನು. ಹೆಬ್ಬೆಟ್ಟು ಒತ್ತುವ ಖಾತೆದಾರರ ಗುರುತು ಬರೆದುಕೊಳ್ಳುವಾಗ, ಹಳಬರಲ್ಲಿ ಹಲವರಿಗೆ ‘ಮುಖದ ಮೇಲೆ ಸಿಡುಬಿನ ಕಲೆಗಳಿವೆ’ ಎಂದೇ ಬರೆಯುತ್ತಿದ್ದೆವು. ಅವರು ಬದುಕಿ ಉಳಿದವರು. ಸತ್ತವರ, ಕಣ್ಣು ಕಳೆದುಕೊಂಡವರ ಲೆಕ್ಕ ನಮ್ಮ ಪುಸ್ತಕಗಳಲ್ಲಿ ಇರಲಿಲ್ಲ.

ಈ ರೋಗವನ್ನು ತಡೆಯಲು ನಮ್ಮ ಸೀಮೆಯಲ್ಲಿ ಮೊದಮೊದಲು ದುಡಿದವರಲ್ಲಿ ಒಬ್ಬರು ಗಂಜಾಂ ಚರ್ಚಿನ ಪಾದ್ರಿ, ಫ್ರಾನ್ಸ್ ದೇಶದ ಅಬ್ಬೆ ದ್ಯುಬುವಾ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಅವರು ಶ್ರೀರಂಗಪಟ್ಟಣಕ್ಕೆ ಬಂದರು. ತಲೆಗೆ ಮುಂಡಾಸು, ನೀಳ ಗಡ್ಡ, ನಮ್ಮವರ ಹಾಗೇ ಊಟ ಉಡುಪು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು.

ಹಸುವಿನ ಸಿಡುಬಿನ ರಸದಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಇಂಗ್ಲೆಂಡಿನ ವೈದ್ಯ ಜೆನ್ನರ್ 1796ರಲ್ಲಿ ತೋರಿಸಿದ್ದರು. ಆ ದಾಕು 1802ರಲ್ಲಿ ಭಾರತಕ್ಕೆ ಬಂತು. ಆಗ ಫ್ರಿಜ್ ಎಲ್ಲಿತ್ತು? ಒಂದು ಮಗುವಿಗೆ ದಾಕು ಹಾಕುವುದು, ಸುಮಾರು ಎಂಟು ದಿನ ಕಾಯುವುದು, ಅಲ್ಲಿ ಎದ್ದ ಗುಳ್ಳೆಯ ರಸವನ್ನು ಇನ್ನೊಂದು ಮಗುವಿನ ತೋಳಿಗೆ ಹಾಕುವುದು. ಹೀಗೆ ಪುಟ್ಟ ಮಕ್ಕಳೇ ಔಷಧಿಯನ್ನು ತೋಳಿನಲ್ಲಿ ಹೊತ್ತು ಊರಿಂದೂರಿಗೆ ದಾಟಿಸಿದರು. ತಾಯಂದಿರು ಬೇಡವೆಂದರೆ ಸರಪಳಿ ಅಲ್ಲಿಗೇ ಕಡಿಯುತ್ತಿತ್ತು.

ಸಿಡುಬನ್ನು ‘ಅಮ್ಮ’ ಎಂದು ಪೂಜಿಸುತ್ತಿದ್ದ ಕಾಲವದು. ಯಾರದೋ ಮಗುವಿನ ಗುಳ್ಳೆಯ ರಸ ತಮ್ಮ ಕೂಸಿಗೆ ಹಾಕಿಸಲು ಒಪ್ಪುವುದು ಸುಲಭವೇ? ಹೇಳುವವರ ಮೇಲೆ ನಂಬಿಕೆ ಇರಬೇಕು. ದೊಡ್ಡಸ್ವಾಮಿಯವರ ಮುಂದೆ 1803-04ರಲ್ಲಿ ದಾಕು ಹಾಕಿಸಿಕೊಂಡವರು 25,432 ಜನ. ‘ಸುಮಾರು ಇಪ್ಪತ್ತೈದು ಸಾವಿರ’ ಎಂದು ಬಿಡದೆ ಒಬ್ಬೊಬ್ಬರನ್ನೂ ಎಣಿಸಿ ದಾಖಲಿಸಿದ ಲೆಕ್ಕ ಅದು. ಕೊನೆಯ ಆ 32ನ್ನು ಕಂಡರೆ ಗುಮಾಸ್ತನಾದ ನನಗೆ ಬಲು ಸಂತೋಷ. ಅಷ್ಟೊಂದು ಜನ ಅವರ ಚರ್ಚಿನ ಒಕ್ಕಲೇ ಆಗಿರಲಿಲ್ಲ ಎಂಬುದನ್ನೂ ಗಮನಿಸಿ.

ಅವರು 1823ರಲ್ಲಿ ಫ್ರಾನ್ಸಿಗೆ ಹಿಂದಿರುಗಿದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ, ಇಲ್ಲಿನ ಜನರನ್ನು ಕ್ರೈಸ್ತರನ್ನಾಗಿಸುವ ಕೆಲಸ ಕೈಗೂಡುವಂಥದ್ದಲ್ಲ ಎಂದು ಅವರೇ ಹೇಳಿದ್ದಾರೆ. ಆದರೆ ದಾಕಿನ ಕೆಲಸ ನಿಲ್ಲಲಿಲ್ಲ. ಭಾರತದಲ್ಲಿ ಸಿಡುಬು 1975ರಲ್ಲಿ ಕೊನೆಯಾಯಿತು. ಇಡೀ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಮುಂದಿನ ಸಲ ಗುಂಬಜ್ ನೋಡಲು ಹೋದಾಗ ಗಂಜಾಂನ ಆ ಚರ್ಚನ್ನೂ ನೋಡಿ ಬನ್ನಿ. ಹಾಗೆಯೇ, ಅಜ್ಜ ಅಜ್ಜಿಯರೇ, ನಿಮ್ಮ ಊರಿನಲ್ಲಿ ‘ಅಮ್ಮ’ ಎದ್ದ ದಿನಗಳನ್ನೂ ದಾಕಿನವರು ಬಂದಾಗ ನೀವು ಅಟ್ಟ ಹತ್ತಿ ಅವಿತುಕೊಂಡದ್ದನ್ನೂ ಮೊಮ್ಮಕ್ಕಳಿಗೆ ಹೇಳಿ. ಮಕ್ಕಳೇ, ಅದನ್ನು ನೋಟ್ ಪುಸ್ತಕದಲ್ಲಿ ಬರೆದಿಡಿ.