ಪೊಟ್ಟಣದ ಪಾಸ್ತಾ ಮತ್ತು ದಣಿದ ಮೂತ್ರಪಿಂಡ

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ಗಾದೆ. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ. ಹೆಚ್ಚಾದ ಉಪ್ಪನ್ನೂ ನೀರನ್ನೂ ಮೂತ್ರಪಿಂಡಗಳು ಹೊರಹಾಕುತ್ತವೆ. ಆದರೆ ಮೂತ್ರಪಿಂಡಗಳೇ ಸೋತಿದ್ದರೆ?

ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವೇ ನೆಫ್ರಾನ್‌ಗಳು. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನು ರಕ್ತಕ್ಕೆ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಕಳುಹಿಸುತ್ತವೆ. ಕಾಯಿಲೆ ಬಲಿತಾಗ ಉಪ್ಪು ಒಳಗೇ ಉಳಿಯುತ್ತದೆ. ಅದರ ಜೊತೆ ನೀರೂ ನಿಲ್ಲುತ್ತದೆ. ಕಾಲು ಊದಿಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ, ಉಸಿರಾಟ ಕಷ್ಟವಾಗುತ್ತದೆ.

ಡಯಾಲಿಸಿಸ್ ಮುಗಿಸಿ ಬಂದವರಿಗೆ ಒಲೆಯ ಮುಂದೆ ನಿಲ್ಲುವ ಶಕ್ತಿ ಇರುವುದಿಲ್ಲ. ಆಗ ಕೈಗೆ ಸಿಗುವುದು ಕೆಲವೇ ನಿಮಿಷಗಳಲ್ಲಿ ಸಿದ್ಧವಾಗುವ ಪಾಸ್ತಾ ಅಥವಾ ನೂಡಲ್ಸ್. ಇದನ್ನು ತಿನ್ನಬಹುದೇ? ಉತ್ತರ ಪೊಟ್ಟಣದ ಹಿಂಬದಿಯಲ್ಲೇ ಇದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ದಿನಕ್ಕೆ 2,000 ಮಿ.ಗ್ರಾಂ.ಗಿಂತ ಕಡಿಮೆ ಸೋಡಿಯಂ, ಎಂದರೆ 5 ಗ್ರಾಂ.ಗಿಂತ ಕಡಿಮೆ ಉಪ್ಪು ಸೇವಿಸಬೇಕು. ಪೊಟ್ಟಣದಲ್ಲಿ 100 ಗ್ರಾಂ.ಗೆ 1,200 ಮಿ.ಗ್ರಾಂ. ಸೋಡಿಯಂ ಎಂದು ಬರೆದಿದೆ ಎನ್ನಿ. 70 ಗ್ರಾಂ. ತೂಕದ ಪೊಟ್ಟಣದಲ್ಲಿ ಅದು 840 ಮಿ.ಗ್ರಾಂ. ಆಯಿತು. ಇದನ್ನು ಎರಡೂವರೆಯಿಂದ ಗುಣಿಸಿದರೆ 2.1 ಗ್ರಾಂ. ಉಪ್ಪು. ಒಂದೇ ತಟ್ಟೆಯಲ್ಲಿ ದಿನದ ಮಿತಿಯ ಶೇ. 40ಕ್ಕೂ ಹೆಚ್ಚು!

ಕಣ್ಣಿಗೆ ಬೀಳದ ಇನ್ನೆರಡು ಲವಣಗಳೂ ಇವೆ. ಘಟಕಾಂಶಗಳ ಪಟ್ಟಿಯಲ್ಲಿ 339, 450, 451, 452 ಎಂಬ ಸಂಖ್ಯೆಗಳಿದ್ದರೆ ಅವು ಫಾಸ್ಫೇಟ್‌ಗಳು. ಸಂಸ್ಕರಿಸಿದ ಚೀಸ್‌ನಲ್ಲೂ ಇವು ಇರುವುದುಂಟು. ಬೇಳೆಕಾಳುಗಳಲ್ಲಿರುವ ರಂಜಕಕ್ಕಿಂತ ಹೀಗೆ ಬೆರೆಸಿದ ರಂಜಕವನ್ನು ಕರುಳು ಬಹಳ ಹೆಚ್ಚಾಗಿ ಹೀರಿಕೊಳ್ಳುತ್ತದೆ. ರಕ್ತದಲ್ಲಿ ಅದು ಏರಿದರೆ ಮೂಳೆ ದುರ್ಬಲವಾಗುತ್ತದೆ, ರಕ್ತನಾಳ ಗಡುಸಾಗುತ್ತದೆ. 501, 508 ಎಂದರೆ ಪೊಟ್ಯಾಸಿಯಂ ಲವಣಗಳು. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು. 'ಕಡಿಮೆ ಸೋಡಿಯಂ' ಉಪ್ಪಿನಲ್ಲೂ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುವುದರಿಂದ, ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಹಾಗಾದರೆ ಪಾಸ್ತಾ ವಿಷವೇ? ಅಲ್ಲ. ಗೋಧಿ ರವೆಯಿಂದ ಮಾಡಿದ ಬರಿಯ ಪಾಸ್ತಾದಲ್ಲಿ ಸೋಡಿಯಂ ಅತ್ಯಲ್ಪ. ಬೇಯಿಸಿ ನೀರು ಬಸಿದರೆ ಪೊಟ್ಯಾಸಿಯಂ ಕೂಡ ಕಡಿಮೆ. ನಮ್ಮ ಬರಿಯ ಶಾವಿಗೆಯೂ ಅಷ್ಟೇ ಬೇಗ ಬೇಯುತ್ತದೆ. ಹೆಚ್ಚಿನ ಉಪ್ಪು ಇರುವುದು ಮಸಾಲೆಯ ಚೀಟಿನಲ್ಲಿ. ಅದನ್ನು ಬದಿಗಿಟ್ಟು ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕರಿಬೇವಿನ ಒಗ್ಗರಣೆ ಹಾಕಿ ನಿಂಬೆರಸ ಹಿಂಡಿದರೆ ನಾಲಿಗೆಗೂ ತೃಪ್ತಿ. ಪೊಟ್ಯಾಸಿಯಂ ಮಿತಿ ಹೇಳಿದ್ದರೆ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಬೇಕು.

ಎಲ್ಲ ರೋಗಿಗಳಿಗೂ ಒಂದೇ ಪಥ್ಯವಿಲ್ಲ. ರಕ್ತಪರೀಕ್ಷೆಯ ವರದಿ ನೋಡಿ ವೈದ್ಯರು, ಆಹಾರತಜ್ಞರು ಹೇಳಿದ್ದೇ ಅಂತಿಮ. ಆದರೆ ಪೊಟ್ಟಣ ಓದಿ ಲೆಕ್ಕ ಹಾಕುವ ಕೆಲಸವನ್ನು ಮನೆಯ ಮಕ್ಕಳೇ ಮಾಡಬಹುದು. ಅದಕ್ಕೆ ಬೇಕಾದದ್ದು ಶಾಲೆಯಲ್ಲಿ ಕಲಿತ ಗುಣಾಕಾರ, ಭಾಗಾಕಾರ ಮಾತ್ರ.