ದಾರಿಯಲ್ಲಿ ಹೆತ್ತ ತಾಯಿ, ಕಲ್ಲಿನಲ್ಲಿ ಕಾಣದ ಕೂಸು

ಹೆರಿಗೆಗೆ ತವರಿಗೆ ಹೋಗೋದು ನಮ್ಮ ಕಡೆ ನಡೆದುಬಂದ ಪದ್ಧತಿ. ಬೈಲಹೊಂಗಲದ ಬಸ್ಸಾಗಲಿ, ರಾಮದುರ್ಗದ ಬಸ್ಸಾಗಲಿ, ದಿನ ತುಂಬಿದ ಬಸುರಿ ಹತ್ತಿದಳೆಂದರೆ ಯಾರಾದರೊಬ್ಬರು ಎದ್ದು ಜಾಗ ಬಿಡ್ತಾರೆ. ಸುಮಾರು ಎರಡೂವರೆ ಸಾವಿರ ವರ್ಷದ ಹಿಂದೆ ಕಪಿಲವಸ್ತುವಿನ ರಾಣಿ ಮಾಯಾದೇವಿ ಹೊರಟಿದ್ದೂ ಹೀಗೇ, ತವರೂರು ದೇವದಹಕ್ಕೆ. ಆದರೆ ತವರು ಮುಟ್ಟಲಿಲ್ಲ. ನಡುದಾರಿಯ ಲುಂಬಿನಿ ತೋಪಿನಲ್ಲಿ, ಗಿಡದ ಟೊಂಗೆ ಹಿಡಿದು ನಿಂತಂತೆಯೇ ಹೆತ್ತಳು ಅನ್ನುತ್ತದೆ ಬೌದ್ಧರ ಕಥೆ. ಆ ಕೂಸೇ ಮುಂದೆ ಬುದ್ಧ. ಏಳು ದಿನಕ್ಕೆ ತಾಯಿ ತೀರಿಕೊಂಡಳು. ಸಾಕಿದವಳು ಚಿಕ್ಕಮ್ಮ ಗೌತಮಿ.

ಈ ಹೆರಿಗೆಯನ್ನು ಹಿಂದಿನ ಶಿಲ್ಪಿಗಳು ಕಲ್ಲಿನಲ್ಲಿ ಹೇಗೆ ತೋರಿಸಿದರು ಗೊತ್ತೇನ್ರೀ? ಸವದತ್ತಿ, ರಾಮದುರ್ಗದ ಸೀಮೆ ದಾಟಿದ ನಮ್ಮ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಅದೇ ಕೃಷ್ಣೆಯ ದಂಡೆ ಹಿಡಿದು ಆಂಧ್ರಕ್ಕೆ ಇಳಿದರೆ ಅಮರಾವತಿ. ಅಲ್ಲಿದ್ದ ಸ್ತೂಪದ ಒಂದು ಸುಣ್ಣಗಲ್ಲಿನ ಚಪ್ಪಡಿಗೆ ಹೆಚ್ಚುಕಡಿಮೆ ಎರಡು ಸಾವಿರ ವರ್ಷ. ರಾಣಿಯ ಕನಸು, ಕನಸಿನ ಅರ್ಥ ಕೇಳುವುದು, ಹೆರಿಗೆ, ಕೂಸನ್ನು ಕುಲದೈವದ ಮುಂದೆ ಒಯ್ಯುವುದು, ನಾಲ್ಕೂ ಪ್ರಸಂಗ ಒಂದೇ ಕಲ್ಲಿನಲ್ಲಿವೆ. ಕೂಸು ಮಾತ್ರ ಎಷ್ಟು ಹುಡುಕಿದರೂ ಕಾಣೋದಿಲ್ಲ! ದೇವತೆಗಳು ಉದ್ದನೆಯ ಬಟ್ಟೆ ಹಿಡಿದು ನಿಂತಿದ್ದಾರೆ. ಬಟ್ಟೆಯ ಮೇಲೆ ಪುಟ್ಟ ಪಾದದ ಗುರುತು, ಅಷ್ಟೇ. ಆ ಕಾಲದ ಎಷ್ಟೋ ಶಿಲ್ಪಗಳಲ್ಲಿ ಬುದ್ಧನಿಗೆ ಮನುಷ್ಯರೂಪ ಕೊಡದೆ ಇಂಥ ಗುರುತಿನಿಂದಲೇ ಹೇಳಿಬಿಡುತ್ತಿದ್ದರು.

ಆ ಚಪ್ಪಡಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಂನಲ್ಲಿದೆ. ಅದರ ಜೊತೆಗಿದ್ದ ಎಷ್ಟೋ ಕಲ್ಲು ಕಟ್ಟಡದ ಕೆಲಸಕ್ಕೆ ಹೋದವು, ಸುಣ್ಣದ ಭಟ್ಟಿಗೂ ಬಿದ್ದವು.

ದೂರದ ಮಾತು ಅಂತ ತಿಳೀಬೇಡಿ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಗುಡಿಯ ಮಾಳಿಗೆ ಕುಸಿಯಿತು. ನೋಡಿದರೆ, ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲೇ ಅಶೋಕನ ಶಾಸನ! ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ಪುರಾತತ್ವ ಇಲಾಖೆ ಅಗೆಸಿದಾಗ ದೊಡ್ಡ ಸ್ತೂಪವೇ ಸಿಕ್ಕಿತು. ಬುದ್ಧನ ಬದುಕಿನ ಪ್ರಸಂಗಗಳು, ಜಾತಕ ಕಥೆಗಳು, ಬ್ರಾಹ್ಮಿ ಲಿಪಿಯಲ್ಲಿ ಹೆಸರು ಕೆತ್ತಿದ ಅಶೋಕನ ಉಬ್ಬುಶಿಲ್ಪ, ಎಲ್ಲ ಮಣ್ಣಿನಡಿ ಇದ್ದವು.

ಇದೆಲ್ಲ ರಾಜರ ದುಡ್ಡಿನ ಕೆಲಸ ಅಂತ ಅಂಗಡಿಕಾರರು ಸುಮ್ಮನಿರೋದು ಬೇಡ. ಅಮರಾವತಿಯಲ್ಲಿ ಕಲ್ಲು ಕೆತ್ತಿಸಿಕೊಟ್ಟವರಲ್ಲಿ ತೊಗಲಿನ ಕೆಲಸದವನಿದ್ದಾನೆ, ಸುಗಂಧದ ವ್ಯಾಪಾರಿಯಿದ್ದಾನೆ. ಗದಗ ಜಿಲ್ಲೆಯ ಡಂಬಳದಲ್ಲಿ ಹದಿನಾರು ಮಂದಿ ಸೆಟ್ಟರು ಬೌದ್ಧ ವಿಹಾರ ಕಟ್ಟಿಸಿದ್ದನ್ನು ಅಲ್ಲಿನ 1095ರ ಶಾಸನ ಹೇಳುತ್ತದೆ. ಕೊಟ್ಟವರೂ ಪೇಟೆಯ ಮಂದಿಯೇ.

ಹಾಗಾದರೆ ಕಾಯುವವರು ಯಾರು? ಕೆರೆ ದಂಡೆಯಲ್ಲಿ, ಗುಡಿಯ ಹಿಂದೆ, ದನ ಕಟ್ಟುವ ಜಾಗದಲ್ಲಿ ಕೆತ್ತನೆಯ ಕಲ್ಲು ಕಂಡರೆ ಅದರ ಮೇಲೆ ಅರಿವೆ ಒಗೆಯುವ ಮೊದಲು ಒಮ್ಮೆ ಮಗುಚಿ ನೋಡಿ. ಮಾಯಾದೇವಿಯೇ ಸಿಗಬೇಕೆಂದಿಲ್ಲ, ವೀರಗಲ್ಲಾದರೂ ಸರಿ, ಅಕ್ಷರವಿದ್ದ ತುಂಡಾದರೂ ಸರಿ. ತಹಶೀಲ್ದಾರ ಕಚೇರಿಗೆ ಒಂದು ಅರ್ಜಿ ಕೊಡಿ. ಕಿತ್ತೂರು ಕೋಟೆಯಲ್ಲಿ ವಸ್ತುಸಂಗ್ರಹಾಲಯವೇ ಇದೆ, ಅಲ್ಲಿ ಹೋಗಿ ಕೇಳಿ. ಕಲ್ಲು ಒಡೆದು ಪಾಯಕ್ಕೆ ಹಾಕಿದ ಮೇಲೆ ಯಾರನ್ನು ಕೇಳಿದರೇನು ಬಂತು?