ಕಲಿಸುವವರ ನಿತ್ಯನೇಮ

ವಿದ್ಯೆಯನ್ನು ಹಂಚಿ ಬದುಕುವವರ ಸಂಖ್ಯೆ ನಮ್ಮ ಮನೆಗಳಲ್ಲಿ ಈಚೆಗೆ ಹೆಚ್ಚುತ್ತಿದೆ. ಮಗ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಅಭ್ಯರ್ಥಿಗಳನ್ನು ಸಿದ್ಧಗೊಳಿಸುತ್ತಾನೆ; ಸೊಸೆ ಯೋಗಾಸನಗಳನ್ನು ಕಲಿಸುತ್ತಾಳೆ; ಮಗಳು ಇಂಗ್ಲಿಷಿನಲ್ಲಿ ಮಾತನಾಡಲು ಅಳುಕುವವರ ಅಳುಕನ್ನು ಬಿಡಿಸುತ್ತಾಳೆ. ಇಂಥವರನ್ನು ಇಂದು ‘ಕೋಚ್’ ಎಂದು ಕರೆಯುವುದು ರೂಢಿ. ಇವರಿಗೆ ತಿಂಗಳ ಸಂಬಳವಿಲ್ಲ. ಸರ್ಕಾರದ ನೇಮಕಾತಿ ಪತ್ರವಿಲ್ಲ. ವಿದ್ಯಾರ್ಥಿ ಬಂದರೆ ಅನ್ನ, ಬಾರದಿದ್ದರೆ ಚಿಂತೆ. ಆದುದರಿಂದ ಕಲಿಸುವ ಕೆಲಸದ ಜೊತೆಗೆ ಇನ್ನೊಂದು ಕೆಲಸವೂ ಇವರ ಹೆಗಲೇರಿದೆ. ಪ್ರತಿದಿನವೂ ವಾಟ್ಸಾಪ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳಲ್ಲಿ ಉಪಯುಕ್ತವಾದ ನಾಲ್ಕು ಮಾತನ್ನು ಬರೆದೋ, ಆಡಿ ತೋರಿಸಿಯೋ ಜನರ ಕಣ್ಣಮುಂದೆ ಇರಬೇಕಾಗಿದೆ. ‘ಕಂಟೆಂಟ್ ಮಾರ್ಕೆಟಿಂಗ್’ ಎಂಬ ದೊಡ್ಡ ಹೆಸರಿನ ತಿರುಳು ಇಷ್ಟೇ: ತನ್ನ ವಿದ್ಯೆಯ ಒಂದು ತುತ್ತನ್ನು ಉಚಿತವಾಗಿ ಬಡಿಸಿ, ಪೂರ್ಣಪಂಕ್ತಿಗೆ ಬರುವಂತೆ ಜನರ ವಿಶ್ವಾಸವನ್ನು ಗಳಿಸುವುದು.

ಇದರಲ್ಲಿ ಸೋಲುವವರು ಬಹುಮಂದಿ. ವಿದ್ಯೆ ಸಾಲದೆ ಸೋಲುವವರಿಗಿಂತ ನೇಮ ತಪ್ಪಿ ಸೋಲುವವರೇ ಹೆಚ್ಚು. ಮೊದಲ ವಾರ ದಿನಕ್ಕೆ ಮೂರು ಬರಹ, ಎರಡನೆಯ ವಾರ ಒಂದು, ಮೂರನೆಯ ವಾರ ಕ್ಷಮಾಪಣೆ, ಆಮೇಲೆ ಮೌನ. ಇದನ್ನೇ ನಮ್ಮ ಹಿರಿಯರು ಆರಂಭಶೂರತ್ವವೆಂದರು. ಅದು ಏಕೆ ಬರುತ್ತದೆ, ಹೇಗೆ ನೀಗುತ್ತದೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಹಳೆಯ ದಾರಿಯೇ

ಇದೊಂದು ನೂತನ ಮಾಯೆಯೆಂದು ಭಾವಿಸಬೇಕಾಗಿಲ್ಲ. ನಮ್ಮ ರೈತರು ಚೆನ್ನಾಗಿ ಬಲ್ಲ ಜಾನ್ ಡಿಯರ್ ಕಂಪನಿ 1895ರಲ್ಲೇ ‘ದಿ ಫರೋ’ ಎಂಬ ಕೃಷಿ ಪತ್ರಿಕೆಯನ್ನು ಆರಂಭಿಸಿತು. ಬೇಸಾಯದ ತಿಳಿವಳಿಕೆಯನ್ನು ಕೊಟ್ಟು ರೈತನ ವಿಶ್ವಾಸವನ್ನು ಗಳಿಸುವುದು ಅದರ ಬಗೆ. ಟೈರು ತಯಾರಿಸುವ ಫ್ರಾನ್ಸಿನ ಮಿಶೆಲಿನ್ ಕಂಪನಿ 1900ರಲ್ಲಿ ವಾಹನ ಸವಾರರಿಗೊಂದು ಕೈಪಿಡಿಯನ್ನು ಹೊರತಂದು ಉಚಿತವಾಗಿ ಹಂಚಿತು. ಜನ ಹೆಚ್ಚು ದೂರ ಪಯಣಿಸಿದರೆ ಟೈರು ಹೆಚ್ಚು ಸವೆಯುವುದಷ್ಟೆ!

ಕಲಿಸುವವರ ವಿಷಯದಲ್ಲಿ ನಮ್ಮ ನಾಡಿನದೇ ಉದಾಹರಣೆಯುಂಟು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆಯನ್ನು ನಡೆಸುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವಿತ್ತು. ಆದರೂ ಯೋಗದ ಬಗ್ಗೆ ಜನರಿಗೆ ಆಸಕ್ತಿ ಹುಟ್ಟಿಸಲು ಅವರು ಶಿಷ್ಯರೊಡನೆ ಸಾರ್ವಜನಿಕ ಪ್ರದರ್ಶನಗಳನ್ನು ನೀಡಬೇಕಾಯಿತು. ಅವರ ಶಿಷ್ಯರಾದ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು 1937ರಲ್ಲಿ ಪುಣೆಗೆ ಕಲಿಸಲು ಹೋದಾಗ ಹದಿಹರೆಯದವರು. ಆ ಊರಿನ ಭಾಷೆ ತಿಳಿಯದು. ಕೆಲವು ಕಾಲ ಹೊಟ್ಟೆ ತುಂಬ ಊಟಕ್ಕೂ ತಾಪತ್ರಯ. ದಿನದಿನದ ಅಭ್ಯಾಸವನ್ನೂ, ಕಂಡಕಂಡಲ್ಲಿ ಪ್ರಾತ್ಯಕ್ಷಿಕೆಯನ್ನೂ ಅವರು ಬಿಡಲಿಲ್ಲ. ‘ಲೈಟ್ ಆನ್ ಯೋಗ’ ಗ್ರಂಥ ಪ್ರಕಟವಾದುದು 1966ರಲ್ಲಿ. ಪುಣೆಯ ಮೊದಲ ತರಗತಿಗೂ ಲೋಕಖ್ಯಾತಿ ತಂದ ಆ ಗ್ರಂಥಕ್ಕೂ ನಡುವೆ 29 ವರ್ಷಗಳ ಅಂತರವಿದೆಯೆಂಬುದನ್ನು ಮೂರು ವಾರಕ್ಕೆ ನಿರಾಶರಾಗುವವರು ನೆನೆಯಬೇಕು.

ಒಬ್ಬ ವ್ಯಾಯಾಮ ಶಿಕ್ಷಕನ ವೃತ್ತಾಂತ

ನಮ್ಮ ಕಾಲದ ನಿದರ್ಶನವೊಂದನ್ನು ನೋಡೋಣ. ಇಂಗ್ಲೆಂಡಿನ ಜೋ ವಿಕ್ಸ್ ವ್ಯಾಯಾಮ ಕಲಿಸುತ್ತಿದ್ದ ಸಾಮಾನ್ಯ ತರಬೇತುದಾರ. 2014ರಲ್ಲಿ ಅವರು ಇನ್‌ಸ್ಟಾಗ್ರಾಂನಲ್ಲಿ 15 ಸೆಕೆಂಡುಗಳ ಅಡುಗೆ ವಿಡಿಯೊಗಳನ್ನು ಹಾಕತೊಡಗಿದರು. ತಮ್ಮದೇ ಅಡುಗೆಮನೆ, ಕೈಯಲ್ಲೊಂದು ಫೋನು, ಬೇರೆ ಆಡಂಬರವಿರಲಿಲ್ಲ. ಮುಂದಿನ ವರ್ಷದ ಕೊನೆಗೆ ಅದೇ ಪಾಕಗಳ ಪುಸ್ತಕ ಹೊರಬಂದು ಅಪಾರವಾಗಿ ಮಾರಾಟವಾಯಿತು.

2020ರ ಮಾರ್ಚಿಯಲ್ಲಿ ಕೊರೊನಾದಿಂದ ಬ್ರಿಟನ್ನಿನ ಶಾಲೆಗಳು ಮುಚ್ಚಿದವು. ಮಾರ್ಚ್ 23ರಿಂದ ವಿಕ್ಸ್ ವಾರದ ಐದು ದಿನ ಬೆಳಿಗ್ಗೆ 9 ಗಂಟೆಗೆ ತಮ್ಮ ಮನೆಯ ಕೋಣೆಯಿಂದಲೇ ಮಕ್ಕಳಿಗೆ ಅರ್ಧ ಗಂಟೆಯ ವ್ಯಾಯಾಮ ಪಾಠ ಆರಂಭಿಸಿದರು. ಮರುದಿನವೇ ಅದನ್ನು ಏಕಕಾಲದಲ್ಲಿ ವೀಕ್ಷಿಸಿದ ಮನೆಗಳು 9,55,185. ಗಿನ್ನೆಸ್ ಸಂಸ್ಥೆ ಅದನ್ನು ದಾಖಲೆಯೆಂದು ಮಾನ್ಯ ಮಾಡಿತು. ಜನ ಒಂದೇ ದಿನದಲ್ಲಿ ನೆರೆದಂತೆ ಕಂಡಿತು. ಆದರೆ ಆ ಬೆಳಗಿನ ಹಿಂದೆ ಆರು ವರ್ಷಗಳ ಸಣ್ಣ ಸಣ್ಣ ಪಾಠಗಳಿದ್ದವು. ಕೈಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾದಾಗ ಅವರ ಪತ್ನಿ ಮುಂದೆ ನಿಂತು ಪಾಠ ನಡೆಸಿಕೊಟ್ಟರು. ಕೆಲವು ತಿಂಗಳ ನಂತರ ಆಯಾಸವಾದಾಗ ಐದು ದಿನವನ್ನು ಮೂರು ದಿನಕ್ಕಿಳಿಸಿ, ಅದನ್ನು ಜನರಿಗೆ ಮುಂಚಿತವಾಗಿ ತಿಳಿಸಿ ಮುಂದುವರಿದರು. ಇಲ್ಲಿ ಎರಡು ಪಾಠಗಳಿವೆ. ನೇಮವೆಂದರೆ ಒಬ್ಬಂಟಿ ಹಟವಲ್ಲ, ಮನೆಯವರೂ ಕೈಜೋಡಿಸುವ ಕಾರ್ಯ. ಹೇಳಿ ಕಡಿಮೆ ಮಾಡಿದರೆ ನೇಮ ಮುರಿಯದು. ಹೇಳದೆ ಮಾಯವಾದರೆ ಮುರಿಯುತ್ತದೆ.

ನೇಮ ತಪ್ಪುವುದೇಕೆ?

ಕಾರಣಗಳು ಮೂರು. ಮೊದಲನೆಯದು, ‘ಇಂದು ಏನು ಬರೆಯಲಿ?’ ಎಂಬ ಪ್ರಶ್ನೆಯನ್ನು ಪ್ರತಿದಿನ ಹೊಸದಾಗಿ ಕೇಳಿಕೊಳ್ಳುವುದು. ಎರಡನೆಯದು, ದೀಪ, ಕ್ಯಾಮೆರಾ, ಹಿನ್ನೆಲೆಗಳು ಕುಂದಿಲ್ಲದಂತಿರಲಿ ಎಂಬ ಹಂಬಲ. ಮೂರನೆಯದು, ಮೆಚ್ಚುಗೆಯ ಎಣಿಕೆ. ನಿನ್ನೆ ನೂರು ಮಂದಿ ಮೆಚ್ಚಿದರು, ಇಂದು ಒಂಬತ್ತು ಮಂದಿ, ಮನಸ್ಸು ಕುಗ್ಗುತ್ತದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರ ಅಭ್ಯಾಸಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯುಕ್ತ. ಒಂದು ಹೊಸ ಕ್ರಿಯೆ ಪ್ರಯತ್ನವಿಲ್ಲದೆ ನಡೆಯುವಷ್ಟು ರೂಢಿಯಾಗಲು ಸರಾಸರಿ 66 ದಿನಗಳು ಬೇಕಾದವು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತಿತ್ತು. ಒಂದು ದಿನ ತಪ್ಪಿದ ಮಾತ್ರಕ್ಕೆ ಅಭ್ಯಾಸ ಕೆಡಲಿಲ್ಲವೆಂಬುದೂ ಅಲ್ಲಿ ಕಂಡುಬಂತು. ಆದುದರಿಂದ 21 ದಿನಗಳಲ್ಲಿ ಎಲ್ಲವೂ ಸಿದ್ಧಿಸುತ್ತದೆಂಬ ಮಾತನ್ನು ನಂಬಬೇಕಾಗಿಲ್ಲ; ಒಂದು ದಿನ ತಪ್ಪಿತೆಂದು ಕೈಚೆಲ್ಲಬೇಕಾಗಿಯೂ ಇಲ್ಲ. ಮರುದಿನ ಮತ್ತೆ ಕುಳಿತರೆ ಸಾಕು.

ಪ್ರಶ್ನೆಯ ಪುಸ್ತಕ

ಇನ್ನು ಉಪಾಯ. ಕಲಿಸುವವನ ಬಳಿ ವಿಷಯಕ್ಕೆ ಬರವಿರಬಾರದು. ಏಕೆಂದರೆ ವಿದ್ಯಾರ್ಥಿಗಳೇ ಅದನ್ನು ದಿನವೂ ತಂದುಕೊಡುತ್ತಾರೆ. ಒಂದು ನೋಟುಪುಸ್ತಕವಿಟ್ಟು, ತರಗತಿ ಮುಗಿದ ಕೂಡಲೇ ಅಂದು ಕೇಳಿಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬರೆದಿಡಬೇಕು. ಹಾಗೆ ಬರೆದರೆ ಅದೇ ಸಂಶಯವಿರುವ ಹೊರಗಿನವನೂ ‘ಇದು ನನ್ನದೇ ಮಾತು’ ಎಂದು ನಿಂತು ಓದುತ್ತಾನೆ.

ಉದಾಹರಣೆಗೆ, ಯೋಗ ಕಲಿಸುವ ತಾಯಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ‘ನೆಲದ ಮೇಲೆ ಕೂತರೆ ಮೊಣಕಾಲು ನೋಯುತ್ತದೆ, ನಾನು ಯೋಗ ಮಾಡಬಹುದೇ?’ ಎಂದು ಐವತ್ತು ದಾಟಿದ ಒಬ್ಬರು ಕೇಳುತ್ತಾರೆ. ಈ ಒಂದೇ ಪ್ರಶ್ನೆಯಿಂದ ಒಂದು ವಾರ ನಡೆಯುತ್ತದೆ. ಸೋಮವಾರ ಪ್ರಶ್ನೆಯನ್ನೂ ಸಂಕ್ಷಿಪ್ತ ಉತ್ತರವನ್ನೂ ಬರೆಯಬಹುದು. ಮಂಗಳವಾರ ಕುರ್ಚಿಯ ಮೇಲೆ ಕುಳಿತು ಮಾಡಬಹುದಾದ ಒಂದೇ ಚಲನೆಯನ್ನು ತೋರಿಸಬಹುದು. ಅಯ್ಯಂಗಾರರ ಪದ್ಧತಿಯಲ್ಲಿ ಕುರ್ಚಿ, ಹಗ್ಗ, ದಿಂಬುಗಳ ಬಳಕೆ ಪ್ರಸಿದ್ಧವೇ ಆಗಿದೆ. ಬುಧವಾರ ಅದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಗುರುವಾರ, ಬಾವು ಬಂದಿದ್ದರೆ ಅಥವಾ ಬಿದ್ದು ಪೆಟ್ಟಾಗಿದ್ದರೆ ಮೊದಲು ವೈದ್ಯರನ್ನು ಕಾಣಬೇಕೆಂಬ ಎಚ್ಚರಿಕೆ. ಶುಕ್ರವಾರ, ಒಪ್ಪಿಗೆ ಪಡೆದು, ಒಬ್ಬ ವಿದ್ಯಾರ್ಥಿನಿಯ ಅನುಭವ. ಶನಿವಾರ ತರಗತಿಯ ವೇಳೆ, ಸ್ಥಳ, ಶುಲ್ಕಗಳ ನೇರ ವಿವರ. ಕೊನೆಯದನ್ನು ಸಂಕೋಚದಿಂದ ಬಿಡುವವರುಂಟು. ಬಾಗಿಲೆಲ್ಲಿದೆಯೆಂದು ಹೇಳದಿದ್ದರೆ ಬರುವವರು ಹೇಗೆ ಬಂದಾರು?

ಈ ಆರನ್ನೂ ಒಂದೇ ಬೈಠಕ್ಕಿನಲ್ಲಿ, ವಾರಕ್ಕೊಮ್ಮೆ ಎರಡು ಗಂಟೆ ಕುಳಿತು ಸಿದ್ಧಪಡಿಸಿಟ್ಟರೆ ನಿತ್ಯದ ಧಾವಂತ ತಪ್ಪುತ್ತದೆ. ಪ್ರತಿದಿನ ಉಳಿಯುವುದು ಪ್ರಕಟಿಸುವ ಕೆಲಸ ಮತ್ತು ಬಂದ ಪ್ರಶ್ನೆಗಳಿಗೆ ಉತ್ತರ. ಅದಕ್ಕೂ ಗಳಿಗೆ ಗೊತ್ತಾಗಿರಲಿ. ‘ಬಿಡುವಾದಾಗ ಮಾಡುವೆ’ ಎಂಬ ಸಂಕಲ್ಪಕ್ಕಿಂತ ‘ಬೆಳಗಿನ ಕಾಫಿ ಕುಡಿದೊಡನೆ ಮಾಡುವೆ’ ಎಂಬ ಸಂಕಲ್ಪ ಗಟ್ಟಿ.

ಆಂಗ್ಲ ಕಾದಂಬರಿಕಾರ ಆಂತೊನಿ ಟ್ರಾಲಪ್ ಅಂಚೆ ಇಲಾಖೆಯ ನೌಕರನಾಗಿದ್ದುಕೊಂಡೇ ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದ. ಎಷ್ಟು ಪುಟವಾಯಿತೆಂದು ದಿನಚರಿಯಲ್ಲಿ ಗುರುತಿಸುತ್ತಿದ್ದ. ತನ್ನನ್ನು ಎಬ್ಬಿಸಿ ಕಾಫಿ ಕೊಡುವುದಕ್ಕೆ ಆಳಿಗೆ ಪ್ರತ್ಯೇಕ ಹಣ ಕೊಡುತ್ತಿದ್ದ. ಆತನ 47 ಕಾದಂಬರಿಗಳ ಹಿಂದೆ ಇಂಥ ಲೆಕ್ಕಾಚಾರವಿತ್ತು. ಸ್ಫೂರ್ತಿ ಬರಲೆಂದು ಕಾಯುತ್ತ ಕುಳಿತವನಿಗೆ ಅದು ಸಾಧ್ಯವಾಗುತ್ತಿರಲಿಲ್ಲ.

ಅನಧ್ಯಯನವೂ ನೇಮವೇ

‘ನಿತ್ಯ’ ಎಂಬುದನ್ನು ಅಕ್ಷರಶಃ ಹಿಡಿದು ದೇಹ ದಣಿಸಿಕೊಳ್ಳುವವರಿಗೆ ನಮ್ಮ ಸಂಸ್ಕೃತ ಪಾಠಶಾಲೆಗಳ ಸಂಪ್ರದಾಯ ಒಳ್ಳೆಯ ಉತ್ತರ ನೀಡುತ್ತದೆ. ಮಠದ ಪಾಠಶಾಲೆಯಲ್ಲಿ ಓದಿದವರಿಗೆ ಪಾಡ್ಯ, ಅಷ್ಟಮಿ, ಅಮಾವಾಸ್ಯೆ, ಹುಣ್ಣಿಮೆಗಳ ಅನಧ್ಯಯನ ಗೊತ್ತು. ಅಂದು ಹೊಸ ಪಾಠವಿಲ್ಲ. ಅದು ಸೋಮಾರಿತನವಲ್ಲ, ಮೊದಲೇ ಗೊತ್ತುಪಡಿಸಿದ ವಿರಾಮ. ಹಳೆಯ ಪಾಠ ಗಟ್ಟಿಯಾಗಲು, ಬಟ್ಟೆ ಒಗೆದುಕೊಳ್ಳಲು ಆ ದಿನ ಬೇಕಾಗುತ್ತಿತ್ತು. ಹಾಗೆಯೇ ಇಂದಿನ ಶಿಕ್ಷಕರೂ ವಾರಕ್ಕೊಂದು ದಿನ ಫೋನಿನಿಂದ ದೂರವಿರಲಿ. ಬೇಸರ ಬಂದಾಗ ಬಿಡುವುದು ನೇಮಭಂಗ. ಗೊತ್ತುಮಾಡಿ ಬಿಡುವುದು ನೇಮದ ಅಂಗ.

ಬಾಡಿಗೆಯ ಅಂಗಳ

ಇನ್ನೊಂದು ಎಚ್ಚರಿಕೆ. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ವರ್ಷಗಟ್ಟಲೆ ದುಡಿದು ಅಲ್ಲಿ ಲಕ್ಷಾಂತರ ವೀಕ್ಷಕರನ್ನು ಗಳಿಸಿದವರು ರಾತ್ರಿ ಬೆಳಗಾಗುವುದರೊಳಗೆ ಬರಿಗೈಯವರಾದರು. ಇಂಥ ತಾಣಗಳೆಲ್ಲ ಬಾಡಿಗೆಯ ಅಂಗಳಗಳು. ಒಡೆಯ ಬೇರೊಬ್ಬ, ನಿಯಮವೂ ಅವನದೇ. ಅಲ್ಲಿ ರಂಗೋಲಿ ಹಾಕೋಣ, ಆದರೆ ಕಣಜವನ್ನು ಮನೆಯಲ್ಲೇ ಇಟ್ಟುಕೊಳ್ಳೋಣ. ಆಸಕ್ತರ ಒಪ್ಪಿಗೆ ಪಡೆದು ಅವರ ದೂರವಾಣಿ ಸಂಖ್ಯೆ, ಇ-ಮೇಲ್ ವಿಳಾಸಗಳನ್ನು ಸ್ವಂತ ವಹಿಯಲ್ಲಿ ಬರೆದಿಡಬೇಕು; ತಾವು ಬರೆದುದರ, ಚಿತ್ರಿಸಿದುದರ ಪ್ರತಿಯನ್ನು ಬೇರೆಡೆ ಕಾಪಾಡಿಕೊಳ್ಳಬೇಕು.

ನಿತ್ಯದ ಒತ್ತಡದಲ್ಲಿ ಸತ್ಯ ಜಾರುವ ಅಪಾಯವೂ ಉಂಟು. ಹೇಳಲು ಹೊಸತಿಲ್ಲದಾಗ ಉತ್ಪ್ರೇಕ್ಷೆ ಸುಲಭವಾಗಿ ನಾಲಿಗೆಗೆ ಬರುತ್ತದೆ: ‘ಹತ್ತೇ ದಿನದಲ್ಲಿ ಸಕ್ಕರೆ ಕಾಯಿಲೆ ಮಾಯ’, ‘ನೌಕರಿ ಖಚಿತ’. ಮಧುಮೇಹದಂಥ ರೋಗಗಳನ್ನು ಔಷಧದಿಂದ ಗುಣಪಡಿಸುವೆನೆಂದು ಜಾಹೀರಾತು ನೀಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಜಾಹೀರಾತು ಮಾನಕ ಮಂಡಳಿಯು ಸಾಮಾಜಿಕ ಜಾಲತಾಣಗಳ ಪ್ರಭಾವಿಗಳಿಗೆ 2021ರಲ್ಲಿ ಮಾರ್ಗಸೂಚಿ ಪ್ರಕಟಿಸಿತು. ಆರೋಗ್ಯ ಹಾಗೂ ಹಣಕಾಸಿನ ಬಗ್ಗೆ ಸಲಹೆ ನೀಡುವವರು ತಮ್ಮ ಅರ್ಹತೆಯನ್ನು ತಿಳಿಯಪಡಿಸಬೇಕೆಂದು 2023ರಲ್ಲಿ ಸೇರಿಸಿತು. ಕಾನೂನಿನ ಭಯಕ್ಕಿಂತ ದೊಡ್ಡದು ವಿದ್ಯಾರ್ಥಿಯ ನಂಬಿಕೆ. ಒಂದು ಸುಳ್ಳು ನೂರು ದಿನದ ನೇಮವನ್ನು ನುಂಗಬಲ್ಲದು.

ಮನೆಯವರಿಗೊಂದು ಮಾತು

‘ಹೊತ್ತು ಹೊತ್ತಿಗೂ ಮೊಬೈಲ್ ಹಿಡಿದು ಕೂತಿರುತ್ತಾನೆ’ ಎಂಬ ಹಿರಿಯರ ಮೂದಲಿಕೆ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಅಂಗಡಿಯ ಬಾಗಿಲು ತೆರೆಯುವುದೂ ಫೋನಿನಲ್ಲಿ ಪಾಠ ಹೇಳುವುದೂ ಇಂದು ಒಂದೇ ಬಗೆಯ ದುಡಿಮೆಯೆಂದು ಹಿರಿಯರು ತಿಳಿಯಬೇಕು. ಸಿದ್ಧವಾದ ಮಾತನ್ನು ಮೊದಲು ಅತ್ತೆಗೋ ತಂದೆಗೋ ಕೇಳಿಸಲಿ. ಅವರಿಗೆ ಅರ್ಥವಾದರೆ ಊರಿಗೂ ಅರ್ಥವಾದೀತು. ಕಿರಿಯರೂ ಗೊತ್ತಾದ ಗಳಿಗೆ ಮೀರಿದ ಮೇಲೆ ಫೋನನ್ನು ಕೆಳಗಿಟ್ಟು ಊಟದ ಪಂಕ್ತಿಗೆ ಬರಲಿ.

ಫಲವನ್ನು ಅಳೆಯುವ ಬಗೆಯನ್ನೂ ಬದಲಿಸಿಕೊಳ್ಳಬೇಕು. ಎಷ್ಟು ಮಂದಿ ಮೆಚ್ಚಿದರೆಂದು ದಿನವೂ ನೋಡುವುದರ ಬದಲು ಮೂರು ತಿಂಗಳಿಗೊಮ್ಮೆ ಮೂರು ಸಂಗತಿಗಳನ್ನು ಬರೆದು ನೋಡಲಿ: ವಿಚಾರಿಸಿಕೊಂಡು ಬಂದವರೆಷ್ಟು, ಸೇರಿದವರೆಷ್ಟು, ಉಳಿದವರೆಷ್ಟು. ಒಂಬತ್ತೇ ಮಂದಿ ಓದಿದ ಮಾತು ಅವರಲ್ಲಿ ಒಬ್ಬಳ ಮೊಣಕಾಲಿಗೆ ನೆಮ್ಮದಿ ತಂದಿದ್ದರೆ ಅಂದಿನ ಪಾಠ ವ್ಯರ್ಥವಾಗಲಿಲ್ಲ. ಆಕೆ ನಾಳೆ ತನ್ನ ತಂಗಿಯನ್ನು ಕರೆತಂದಾಳು. ಹನಿಗೂಡಿ ಹಳ್ಳವಾಗುವುದು ಹೀಗೆಯೇ; ಹನಿ ನಿಲ್ಲದಂತೆ ನೋಡಿಕೊಳ್ಳುವುದಷ್ಟೆ ನಮ್ಮ ಪಾಲಿನ ಕೆಲಸ.